ಮೂಕಜೀವಿಗಳ ಪರ ನಿಂತ ರುಕ್ಮಿಣಿದೇವಿ

ನಮ್ಮ ಸಂಘದ ಯುಗಾದಿ ಇರಲಿ, ರಾಜ್ಯೋತ್ಸವ ಇರಲಿ, ಮಕ್ಕಳ ಭರತನಾಟ್ಯವಿಲ್ಲದೆ ಕಾರ್ಯಕ್ರಮ ಮುಗಿಯುವುದಿಲ್ಲ. ಗೆಜ್ಜೆ ಕಟ್ಟಿ, ಜಡೆಗೆ ಕುಚ್ಚು ಹಾಕಿ, ಮೇಕಪ್ ಮುಗಿಸುವಷ್ಟರಲ್ಲಿ ಅಮ್ಮಂದಿರಿಗೆ ಸಾಕುಸಾಕಾಗಿರುತ್ತದೆ. ಮನೆಯ ಹೆಣ್ಣುಮಕ್ಕಳು ಹೀಗೆ ವೇದಿಕೆಯ ಮೇಲೆ ಕುಣಿಯುವುದನ್ನು ಇಂದು ಯಾರೂ ಹುಬ್ಬೇರಿಸಿ ನೋಡುವುದಿಲ್ಲ. ಅದಕ್ಕೆ ಕಾರಣರಾದವರಲ್ಲಿ ರುಕ್ಮಿಣಿದೇವಿ ಅರುಂಡೇಲ್ ಅವರ ಹೆಸರು ದೊಡ್ಡದು. ಚೆನ್ನೈನಲ್ಲಿರುವ ನಮಗಂತೂ ತಿರುವಾನ್ಮಿಯೂರಿನ ಕಲಾಕ್ಷೇತ್ರ ಓಡಾಡುವ ದಾರಿಯಲ್ಲೇ ಇದೆ.

ಆದರೆ ಅವರ ಬದುಕಿನ ಇನ್ನೊಂದು ಅರ್ಧ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ. ನಮ್ಮ ದೇಶದಲ್ಲಿ ಒಂದು ನಾಯಿಯನ್ನೋ ಎತ್ತನ್ನೋ ಹಿಂಸಿಸುವುದು ಅಪರಾಧ ಎಂದು ಹೇಳುವ ಇಂದಿನ ಕಾನೂನಿನ ಹಿಂದೆ ಇದ್ದವರೂ ಅವರೇ. ನಾನು ಓದಿದ್ದು ಎಂಟೆಕ್, ಕೆಲಸ ಸಾಫ್ಟ್‌ವೇರಿನಲ್ಲಿ. ನೃತ್ಯವೂ ಗೊತ್ತಿಲ್ಲ, ಕಾನೂನೂ ಗೊತ್ತಿಲ್ಲ. ಎರಡು ವರ್ಷದ ಹಿಂದೆ ನಮ್ಮ ಮನೆಗೆ ಒಂದು ಬೀದಿನಾಯಿ ಬಂದ ಮೇಲೆ, ಅದಕ್ಕೆ ಆದ ಅನ್ಯಾಯಕ್ಕೆ ಕಾನೂನಿನಲ್ಲಿ ಹೆಸರೇನು ಎಂದು ಹುಡುಕುತ್ತಾ ಹೋದವಳಿಗೆ ರುಕ್ಮಿಣಿದೇವಿಯವರು ಸಿಕ್ಕಿದರು. ಅವರ ಕಥೆಯನ್ನು ನಮ್ಮ ಮಹಿಳಾ ವೇದಿಕೆಯ ಗೆಳತಿಯರಿಗೆ ಹೇಳಬೇಕೆನಿಸಿತು.

ರುಕ್ಮಿಣಿದೇವಿಯವರು ಹುಟ್ಟಿದ್ದು 1904ರ ಫೆಬ್ರವರಿ 29ರಂದು, ಮಧುರೆಯಲ್ಲಿ. ತಂದೆ ನೀಲಕಂಠ ಶಾಸ್ತ್ರಿಗಳು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್, ಸಂಸ್ಕೃತ ಬಲ್ಲವರು. ತಾಯಿ ಶೇಷಮ್ಮಾಳ್ ಅವರಿಗೆ ಸಂಗೀತವೆಂದರೆ ಪ್ರಾಣ. ಶಾಸ್ತ್ರಿಗಳು ಆನಿ ಬೆಸೆಂಟ್ ಅವರ ಥಿಯೊಸಾಫಿಕಲ್ ಸೊಸೈಟಿಯ ಕಡೆಗೆ ಒಲಿದವರು. ನಿವೃತ್ತರಾದ ಮೇಲೆ ಸಂಸಾರ ಸಮೇತ ಮದ್ರಾಸಿನ ಅಡಯಾರಿಗೆ, ಸೊಸೈಟಿಯ ನೆರೆಗೇ ಬಂದು ನೆಲೆಸಿದರು. ಒಂದು ಕಡೆ ಮಡಿ, ಪೂಜೆಯ ಬ್ರಾಹ್ಮಣರ ಮನೆ. ಇನ್ನೊಂದು ಕಡೆ ದೇಶವಿದೇಶದ ಜನ ಬಂದು ಹೋಗುವ, ಎಲ್ಲ ಜೀವವೂ ಒಂದೇ ಎಂದು ಮಾತಾಡುವ ಅಡಯಾರಿನ ತೋಟ. ಹುಡುಗಿ ಇವೆರಡರ ನಡುವೆ ಬೆಳೆದಳು.

1920ರಲ್ಲಿ, ಹದಿನಾರನೇ ವಯಸ್ಸಿಗೆ, ಆಕೆ ಜಾರ್ಜ್ ಅರುಂಡೇಲ್ ಎಂಬ ಇಂಗ್ಲಿಷರನ್ನು ಮದುವೆಯಾದರು. ಅವರು ಬೆಸೆಂಟ್ ಅವರ ಆಪ್ತರು, ಶಿಕ್ಷಣ ತಜ್ಞರು, ವಯಸ್ಸಿನಲ್ಲಿ ಸುಮಾರು ಇಪ್ಪತ್ತೈದು ವರ್ಷ ದೊಡ್ಡವರು. ಮದ್ರಾಸಿನ ಸಂಪ್ರದಾಯಸ್ಥರಲ್ಲಿ ಕೋಲಾಹಲವೇ ಎದ್ದಿತು. ಇಂದಿಗೂ ನಮ್ಮ ಮನೆಗಳಲ್ಲಿ ಹುಡುಗಿ ಬೇರೆ ಭಾಷೆಯವನನ್ನು ಮೆಚ್ಚಿದರೆ ನಡೆಯುವ ರಾದ್ಧಾಂತ ನಮಗೆಲ್ಲ ಗೊತ್ತು. ನೂರು ವರ್ಷದ ಹಿಂದಿನ ಮಾತು ಕೇಳಬೇಕೇ? ಜನ ಏನೆನ್ನುತ್ತಾರೆ ಎಂಬ ಪ್ರಶ್ನೆಯನ್ನು ಆಕೆ ಆ ವಯಸ್ಸಿಗೇ ಒಮ್ಮೆ ದಾಟಿದ್ದರು. ಮುಂದೆ ಇನ್ನೆರಡು ಸಲ ದಾಟಬೇಕಾಗಿ ಬಂತು.

ಎರಡನೆಯ ಸಲ ದಾಟಿದ್ದು ನೃತ್ಯಕ್ಕಾಗಿ. 1920ರ ದಶಕದ ಕೊನೆಯಲ್ಲಿ ರಷ್ಯಾದ ಪ್ರಸಿದ್ಧ ಬ್ಯಾಲೆ ನರ್ತಕಿ ಅನ್ನಾ ಪಾವ್ಲೋವಾ ಅವರ ಪರಿಚಯವಾಯಿತು. ಆಸ್ಟ್ರೇಲಿಯಾಕ್ಕೆ ಹೊರಟ ಹಡಗಿನಲ್ಲಿ ಅವರ ಸ್ನೇಹ ಬೆಳೆಯಿತು, ಅವರ ತಂಡದವರಿಂದಲೇ ಬ್ಯಾಲೆ ಪಾಠವೂ ಶುರುವಾಯಿತು. ನಿನ್ನ ನಾಡಿನಲ್ಲೇ ಇರುವ ಕಲೆಯನ್ನು ಹುಡುಕು ಎಂದು ದಾರಿ ತೋರಿಸಿದವರೂ ಪಾವ್ಲೋವಾ. 1933ರಲ್ಲಿ ಮದ್ರಾಸಿನ ಸಂಗೀತ ಅಕಾಡೆಮಿಯಲ್ಲಿ ರುಕ್ಮಿಣಿದೇವಿಯವರು ಸದಿರ್ ನೋಡಿ ಮರುಳಾದರು. ಅದು ದೇವದಾಸಿ ಮನೆತನಗಳು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದ ನೃತ್ಯ. ಮರ್ಯಾದಸ್ಥರೆನಿಸಿಕೊಂಡವರು ಅದನ್ನು ಕೀಳಾಗಿ ನೋಡುತ್ತಿದ್ದ ಕಾಲ ಅದು. ಇವರು ಮೈಲಾಪುರದ ಗೌರಿ ಅಮ್ಮಾಳ್ ಮತ್ತು ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೈ ಅವರ ಬಳಿ ಶಿಷ್ಯೆಯಾಗಿ ಕುಳಿತರು. ಮೂವತ್ತು ದಾಟಿದ ಮೇಲೆ, 1935ರಲ್ಲಿ, ಥಿಯೊಸಾಫಿಕಲ್ ಸೊಸೈಟಿಯ ವಜ್ರಮಹೋತ್ಸವದಲ್ಲಿ ಮೊದಲ ಬಾರಿಗೆ ಜನರ ಮುಂದೆ ನರ್ತಿಸಿದರು.

ಇಲ್ಲೊಂದು ಮಾತು ಹೇಳಲೇಬೇಕು. ಅವರು ಆ ನೃತ್ಯದ ಉಡುಗೆ, ವೇದಿಕೆ, ಶೃಂಗಾರದ ಭಾಗ ಎಲ್ಲವನ್ನೂ ತಿದ್ದಿದರು. ಅದನ್ನು ಒಪ್ಪದವರು ಆಗಲೂ ಇದ್ದರು, ಈಗಲೂ ಇದ್ದಾರೆ. ದೇವದಾಸಿ ಪರಂಪರೆಯಲ್ಲೇ ಹುಟ್ಟಿ ಬೆಳೆದ ಮಹಾನ್ ನರ್ತಕಿ ಬಾಲಸರಸ್ವತಿಯವರ ದಾರಿ ಬೇರೆಯೇ ಇತ್ತು. ಶತಮಾನಗಳಿಂದ ಕಲೆಯನ್ನು ಕಾಪಾಡಿದ ಹೆಂಗಸರು ಹಿಂದಕ್ಕೆ ಸರಿದು, ಅನುಕೂಲಸ್ಥರ ಮಕ್ಕಳು ಮುಂದೆ ಬಂದರು ಎಂಬ ನೋವಿನಲ್ಲಿ ಸತ್ಯವಿದೆ. ದೊಡ್ಡವರ ಬದುಕನ್ನು ಹೇಳುವಾಗ ಇದನ್ನು ಬಿಟ್ಟು ಹೇಳುವುದು ಸರಿಯಲ್ಲ.

1936ರ ಜನವರಿಯಲ್ಲಿ ದಂಪತಿ ಸೇರಿ ಕಲಾಕ್ಷೇತ್ರವನ್ನು ಕಟ್ಟಿದರು. ನೃತ್ಯ, ಸಂಗೀತದ ಜೊತೆಗೆ ನೇಯ್ಗೆಗೂ ಅಲ್ಲಿ ಜಾಗವಿತ್ತು; ಕಲಾಕ್ಷೇತ್ರದ ಸೀರೆ ಎಂದರೆ ನಮ್ಮ ಅತ್ತೆಯ ಮುಖ ಇಂದಿಗೂ ಅರಳುತ್ತದೆ. 1939ರಲ್ಲಿ ಮಾರಿಯಾ ಮಾಂಟೆಸ್ಸರಿ ಅವರು ಅಡಯಾರಿಗೆ ಬಂದಿದ್ದೂ ಅರುಂಡೇಲ್ ದಂಪತಿಯ ಆಹ್ವಾನದ ಮೇರೆಗೆ. ಕನ್ನಡಿಗರಾದ ನಾವು ಹೆಮ್ಮೆಪಡಬೇಕಾದ ಇನ್ನೊಂದು ವಿಷಯವಿದೆ. ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರಾಗಿದ್ದ ವಾಸುದೇವಾಚಾರ್ಯರು ಎಂಬತ್ತು ದಾಟಿದ ಇಳಿವಯಸ್ಸಿನಲ್ಲಿ ಕಲಾಕ್ಷೇತ್ರಕ್ಕೆ ಬಂದು ನೆಲೆಸಿದರು. ರುಕ್ಮಿಣಿದೇವಿಯವರ ರಾಮಾಯಣ ನೃತ್ಯನಾಟಕಗಳಿಗೆ ಸಂಗೀತ ಕೂಡಿಸಿದವರು ಅವರು. 1961ರಲ್ಲಿ ಅವರು ತೀರಿಕೊಂಡ ಮೇಲೆ ಆ ಕೆಲಸವನ್ನು ಅವರ ಮೊಮ್ಮಗ ರಾಜಾರಾಂ ಮುಂದುವರಿಸಿದರು. ಹೊರನಾಡಿಗೆ ಬಂದು ಕೆಲಸ ಮಾಡುವ ನಮಗೆಲ್ಲ ಆಚಾರ್ಯರೇ ಹಿರಿಯರು ಎಂದರೂ ತಪ್ಪಿಲ್ಲ.

1945ರಲ್ಲಿ ಜಾರ್ಜ್ ಅರುಂಡೇಲ್ ತೀರಿಕೊಂಡರು. ಆಗ ರುಕ್ಮಿಣಿದೇವಿಯವರಿಗೆ ನಲವತ್ತೊಂದು ವರ್ಷ. ಮಕ್ಕಳಿರಲಿಲ್ಲ. ಕಲಾಕ್ಷೇತ್ರದ ಭಾರವೆಲ್ಲ ಒಬ್ಬರ ಹೆಗಲಿಗೆ ಬಂತು. ಅದನ್ನು ನಿಭಾಯಿಸುತ್ತಿರುವಾಗಲೇ, 1952ರಲ್ಲಿ, ಅವರನ್ನು ರಾಜ್ಯಸಭೆಗೆ ನಾಮಕರಣ ಮಾಡಲಾಯಿತು. ಹಾಗೆ ನಾಮಕರಣಗೊಂಡ ಮೊದಲ ಮಹಿಳೆ ಅವರು. ಕಲಾವಿದೆ ಕಲೆಯ ಬಗ್ಗೆ ಮಾತಾಡುತ್ತಾರೆ, ಅನುದಾನ ಕೇಳುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ. ಆದರೆ ಅವರು ಎತ್ತಿಕೊಂಡಿದ್ದು ಪ್ರಾಣಿಗಳ ವಿಷಯವನ್ನು.

ಆಗ ನಮ್ಮಲ್ಲಿ ಇದ್ದದ್ದು ಬ್ರಿಟಿಷರು 1890ರಲ್ಲಿ ಮಾಡಿದ ಕಾಯ್ದೆ. ಅದರಲ್ಲಿ ಪ್ರಾಣಿ ಎಂದರೆ ಸಾಕಿದ್ದು ಅಥವಾ ಹಿಡಿದಿಟ್ಟದ್ದು ಮಾತ್ರ. ಇದನ್ನು ಬದಲಿಸಲು ರುಕ್ಮಿಣಿದೇವಿಯವರು ಖಾಸಗಿ ಸದಸ್ಯೆಯಾಗಿ ಹೊಸ ಮಸೂದೆ ತಂದರು. 1954ರಲ್ಲಿ ಅದು ಸದನದಲ್ಲಿ ಚರ್ಚೆಗೆ ಬಂತು. ಹಸಿದ ಜನರೇ ಕೋಟಿಗಟ್ಟಲೆ ಇರುವ ದೇಶದಲ್ಲಿ ಪ್ರಾಣಿಗಳ ಚಿಂತೆ ಯಾಕೆ ಎಂಬ ಪ್ರಶ್ನೆ ಇಂದಿಗೂ ಕೇಳಿಬರುತ್ತದೆ. ಸ್ವಾತಂತ್ರ್ಯ ಬಂದು ಏಳೇ ವರ್ಷವಾಗಿದ್ದ ಆಗ ಅದು ಇನ್ನೂ ಸುಲಭವಾಗಿ ಬಾಯಿಗೆ ಬರುವ ಪ್ರಶ್ನೆ. ಮೂರನೆಯ ಸಲ ಅವರು ಜನರ ಮಾತನ್ನು ದಾಟಿದ್ದು ಇಲ್ಲಿ. ಪ್ರಧಾನಿ ನೆಹರೂ ಅವರು ಸರ್ಕಾರವೇ ಇದನ್ನು ಕೈಗೆತ್ತಿಕೊಳ್ಳುತ್ತದೆ ಎಂದು ಭರವಸೆ ಕೊಟ್ಟ ಮೇಲೆ ಅವರು ಮಸೂದೆಯನ್ನು ಹಿಂತೆಗೆದುಕೊಂಡರು. ಸಮಿತಿಯಾಯಿತು, ವರದಿಯಾಯಿತು, ವರ್ಷಗಳು ಉರುಳಿದವು. ಕೊನೆಗೆ 1960ರ ಡಿಸೆಂಬರ್‌ನಲ್ಲಿ ಪ್ರಾಣಿಹಿಂಸೆ ತಡೆ ಕಾಯ್ದೆ ಬಂತು. ಆಫೀಸಿನಲ್ಲಿ ಒಂದು ಸಣ್ಣ ಬದಲಾವಣೆಗೆ ಎರಡು ತಿಂಗಳು ಅನುಮತಿ ಸಿಗದಿದ್ದರೆ ಕೈಚೆಲ್ಲುವ ನನಗೆ, ಆರು ವರ್ಷ ಬಿಡದೆ ಕಾದ ಅವರ ತಾಳ್ಮೆ ಕಲೆಗಿಂತಲೂ ದೊಡ್ಡದಾಗಿ ಕಾಣುತ್ತದೆ.

ಆ ಕಾಯ್ದೆಯಲ್ಲಿ ಪ್ರಾಣಿ ಎಂದರೆ ಮನುಷ್ಯನಲ್ಲದ ಯಾವುದೇ ಜೀವಿ. ಪ್ರಾಣಿಯ ಹೊಣೆ ಹೊತ್ತವರು ಅದರ ಯೋಗಕ್ಷೇಮ ನೋಡಿಕೊಳ್ಳುವುದು ಕರ್ತವ್ಯ. ಹೊಡೆಯುವುದು, ಮಿತಿಮೀರಿ ಭಾರ ಹೊರಿಸುವುದು, ಅನ್ನ ನೀರು ನೆರಳು ಕೊಡದಿರುವುದು, ಹಸಿವು ಬಾಯಾರಿಕೆಯಿಂದ ನರಳುವಂತೆ ಬೀದಿಗೆ ಬಿಟ್ಟುಬಿಡುವುದು, ಎಲ್ಲವೂ ಅಪರಾಧ. ಓದುತ್ತಾ ಹೋದಾಗ ಒಂದು ಅಂಶ ನನ್ನನ್ನು ಹಿಡಿದು ನಿಲ್ಲಿಸಿತು. ನಾಯಿಯನ್ನು ಸದಾ ಸರಪಳಿಯಲ್ಲಿ ಕಟ್ಟಿಹಾಕಿ, ಓಡಾಡಿಸದೇ ಇಡುವುದೂ ಅಪರಾಧ ಎಂದು ಅಲ್ಲಿದೆ.

ನಮ್ಮ ಕೆಂಪಿಯ ಕಥೆ ಅದೇ. ಯಾವುದೋ ಶೆಡ್ಡಿನ ಹಿಂದೆ ಮೊಳದುದ್ದದ ಸರಪಳಿಯಲ್ಲಿ ಕಟ್ಟಿದ್ದರಂತೆ. ಶೆಡ್ಡು ಖಾಲಿ ಮಾಡುವಾಗ ರಸ್ತೆಗೆ ಬಿಟ್ಟು ಹೋದರಂತೆ. ಬೀದಿನಾಯಿಗಳನ್ನು ನೋಡಿಕೊಳ್ಳುವ ಕೆಲವು ಹುಡುಗ ಹುಡುಗಿಯರು ಕಂಡಾಗ ಅದರ ಕತ್ತಿನ ಸುತ್ತ ಹುಣ್ಣಾಗಿತ್ತು. ಅವರು ಚಿಕಿತ್ಸೆ ಕೊಡಿಸಿ, ಮರಿಯಾಗದಂತೆ ಆಪರೇಷನ್ ಮಾಡಿಸಿ, ರೇಬಿಸ್ ಲಸಿಕೆ ಹಾಕಿಸಿ, ಮನೆ ಹುಡುಕುತ್ತಿದ್ದರು. ಹುಣ್ಣು ಮಾಗಿದ ಜಾಗದಲ್ಲಿ ಈಗಲೂ ಕೂದಲು ಹುಟ್ಟಿಲ್ಲ.

ಮನೆಗೆ ಬಂದ ನಾಯಿಗೆ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂಬ ಒಂದು ಲೆಕ್ಕ ಹೇಳುತ್ತಾರೆ. ಮೂರು ದಿನ ಗಾಬರಿ, ಮೂರು ವಾರಕ್ಕೆ ಮನೆಯ ರೂಢಿ, ಮೂರು ತಿಂಗಳಿಗೆ ನಂಬಿಕೆ. ಕೆಂಪಿಗೆ ಈ ಲೆಕ್ಕ ಸಾಲಲಿಲ್ಲ. ಮೊದಲ ವಾರ ಸೋಫಾ ಕೆಳಗಿಂದ ಹೊರಗೇ ಬರಲಿಲ್ಲ. ಎಲ್ಲರೂ ಮಲಗಿದ ಮೇಲೆ ಬಂದು ತಿಂದು ಹೋಗುತ್ತಿತ್ತು. ಪೊರಕೆ ಕಂಡರೆ ಮೂತ್ರ ಮಾಡಿಕೊಳ್ಳುತ್ತಿತ್ತು. ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ ಬಂದರೆ ಗೋಡೆಗೆ ಅಂಟಿಕೊಂಡು ನಡುಗುತ್ತಿತ್ತು. ಹುಟ್ಟಿದ್ದು ಚೆನ್ನೈ ಬೀದಿಯಲ್ಲಾದ್ದರಿಂದ ಅದಕ್ಕೆ ಗೊತ್ತಿದ್ದದ್ದು ತಮಿಳು. ಪೋ ಎಂಬ ಶಬ್ದ ಟಿವಿಯಲ್ಲಿ ಕೇಳಿದರೂ ಕಿವಿ ಮಡಚುತ್ತಿತ್ತು.

ಶಿವಮೊಗ್ಗ ಕಡೆಯ ನಮ್ಮ ಅತ್ತೆಗೆ ನಾಯಿ ಎಂದರೆ ಅಂಗಳದಲ್ಲಿರಬೇಕಾದ ಜೀವ, ಫ್ಲ್ಯಾಟಿನೊಳಗಲ್ಲ. ಮೊದಮೊದಲು ಅವರು ಅಡುಗೆಮನೆ ಬಾಗಿಲು ಹಾಕಿಕೊಂಡೇ ಇರುತ್ತಿದ್ದರು. ಆದರೆ ಕತ್ತಿನ ಗಾಯದ ಗುರುತು ನೋಡಿದ ದಿನದಿಂದ ಅವರೇ ದಿನಾ ಸಂಜೆ ಸೋಫಾ ಪಕ್ಕ ನೆಲದ ಮೇಲೆ ಕೂತು, ಅದರ ಕಡೆ ನೋಡದೆ, ಅವರೆಕಾಯಿ ಬಿಡಿಸುತ್ತಲೋ ಬತ್ತಿ ಹೊಸೆಯುತ್ತಲೋ ಕನ್ನಡದಲ್ಲಿ ಮಾತಾಡತೊಡಗಿದರು. ಪೊರಕೆಯನ್ನು ಅದರ ಕಣ್ಣಿಗೆ ಬೀಳದ ಹಾಗೆ ಬಾಲ್ಕನಿಗೆ ಸಾಗಿಸಿದರು. ನಾಲ್ಕನೇ ತಿಂಗಳಲ್ಲಿ ಕೆಂಪಿ ಬಂದು ಅವರ ಸೆರಗಿನ ಮೇಲೆ ತಲೆಯಿಟ್ಟಿತು. ಈಗ ಬಾ ಎಂದರೆ ಓಡಿ ಬರುತ್ತದೆ. ಆದರೂ ಪಟಾಕಿ ಹಬ್ಬದಲ್ಲಿ ಬಚ್ಚಲುಮನೆ ಸೇರಿದರೆ ಮೂರು ದಿನ ಹೊರಗೆ ಬರುವುದಿಲ್ಲ. ಕೆಲವು ಭಯ ಹೋಗುತ್ತವೆ, ಕೆಲವು ಹೋಗುವುದಿಲ್ಲ. ಕಾಯ್ದೆ ಸರಪಳಿಯನ್ನು ಬಿಚ್ಚಿಸಬಹುದು. ಭಯ ಬಿಡಿಸುವುದಕ್ಕೆ ಮನೆಯೇ ಬೇಕು, ಮನೆಯವರ ಸಮಯ ಬೇಕು.

ರುಕ್ಮಿಣಿದೇವಿಯವರ ಹೋರಾಟದಿಂದ ಬಂದ ಕಾಯ್ದೆಯೂ ಪೂರ್ಣವಾಗಿರಲಿಲ್ಲ. ಮೊದಲ ಸಲದ ಅಪರಾಧಕ್ಕೆ ಅದರಲ್ಲಿರುವ ದಂಡ 10ರಿಂದ 50 ರೂಪಾಯಿ. 1960ರಲ್ಲಿ ಅದು ದೊಡ್ಡ ಮೊತ್ತವೇ ಇರಬಹುದು. ಇಂದು ಅದರಲ್ಲಿ ಒಂದು ಮಸಾಲೆದೋಸೆಯೂ ಬರುವುದಿಲ್ಲ. ಪ್ರಯೋಗಾಲಯಗಳಲ್ಲಿ ಪ್ರಾಣಿಗಳ ಬಳಕೆ ನಿಲ್ಲಲಿಲ್ಲ, ಅದಕ್ಕೊಂದು ಮೇಲ್ವಿಚಾರಣೆಯ ಸಮಿತಿ ಮಾತ್ರ ಬಂತು. ಎಲ್ಲಕ್ಕಿಂತ ನೋವಿನ ವಿಷಯ ಬೀದಿನಾಯಿಯದು. ಬೀದಿನಾಯಿಗಳನ್ನು ವಿಷಾನಿಲದ ಕೋಣೆಯಲ್ಲಿ ಹಾಕಿ ಕೊಲ್ಲುವುದನ್ನು ಕಾಯ್ದೆ ಅಪರಾಧಗಳ ಪಟ್ಟಿಯಿಂದ ಹೊರಗಿಟ್ಟಿತ್ತು. ಸಾಕಿದ ನಾಯಿಗೆ ರಕ್ಷಣೆ ಸಿಕ್ಕಿತು. ಯಾರೂ ಸಾಕದ ನಾಯಿ ಬಾಗಿಲ ಹೊರಗೇ ಉಳಿಯಿತು.

ಮದ್ರಾಸಿನಲ್ಲಿ ನಗರಪಾಲಿಕೆಯವರು ಬ್ರಿಟಿಷರ ಕಾಲದಿಂದ ನಾಯಿಗಳನ್ನು ಹಿಡಿದು ಕೊಲ್ಲುತ್ತಿದ್ದರು. ಎಷ್ಟು ಕೊಂದರೂ ಸಂಖ್ಯೆ ಕಡಿಮೆಯಾಗಲಿಲ್ಲ. ಖಾಲಿಯಾದ ಬೀದಿಗೆ ಪಕ್ಕದ ಬೀದಿಯ ನಾಯಿಗಳು ಬರುತ್ತಿದ್ದವು, ಮರಿ ಹಾಕುತ್ತಿದ್ದವು. ಅದೇ ಊರಿನ ಬ್ಲೂ ಕ್ರಾಸ್ ಸಂಸ್ಥೆ ಬೇರೆ ದಾರಿ ಹೇಳಿತು. ಕೊಲ್ಲುವುದು ಬೇಡ, ಆಪರೇಷನ್ ಮಾಡಿ, ಲಸಿಕೆ ಹಾಕಿ, ಅದೇ ಜಾಗಕ್ಕೆ ಬಿಡಿ. ಈ ಸಂಸ್ಥೆಯನ್ನು ಹುಟ್ಟುಹಾಕಿದವರು ಪೈಲಟ್ ಕ್ಯಾಪ್ಟನ್ ಸುಂದರಂ ಮತ್ತು ಅವರ ಪತ್ನಿ ಉಷಾ ಸುಂದರಂ. ಉಷಾ ಅವರೂ ಪೈಲಟ್, ವಿಮಾನ ಹಾರಿಸಲು ಕಲಿತದ್ದು ನಮ್ಮ ಬೆಂಗಳೂರಿನ ಜಕ್ಕೂರಿನಲ್ಲಿ. ದಶಕಗಳ ಒತ್ತಾಯದ ನಂತರ 1996ರಲ್ಲಿ ಚೆನ್ನೈ ನಗರಪಾಲಿಕೆ ಕೊಲ್ಲುವುದನ್ನು ಬಿಟ್ಟು ಈ ದಾರಿಗೆ ಬಂತು. 2001ರಲ್ಲಿ ಅದೇ ದಾರಿ ಇಡೀ ದೇಶಕ್ಕೆ ನಿಯಮವಾಯಿತು. 2023ರಲ್ಲಿ ಆ ನಿಯಮಗಳನ್ನು ಹೊಸದಾಗಿ ಬರೆದರು. ಈ ನಿಯಮಗಳು ನಿಂತಿರುವುದು ಯಾವ ಆಧಾರದ ಮೇಲೆ ಗೊತ್ತೇ? 1960ರ ಆ ಕಾಯ್ದೆಯ ಮೇಲೇ. ನಮ್ಮ ಬೀದಿಗಳಲ್ಲಿ ಕಿವಿಯ ತುದಿಯಲ್ಲಿ ಸಣ್ಣ ಕಚ್ಚು ಇರುವ ನಾಯಿಗಳನ್ನು ನೀವು ನೋಡಿರುತ್ತೀರಿ. ಅದು ಗಾಯವಲ್ಲ. ಈ ನಾಯಿಗೆ ಆಪರೇಷನ್ ಆಗಿದೆ, ಲಸಿಕೆ ಬಿದ್ದಿದೆ ಎಂಬ ಗುರುತು. ಕೆಂಪಿಯ ಕಿವಿಯಲ್ಲೂ ಅದಿದೆ. ಅಪೂರ್ಣವಾಗಿ ಬಂದ ಕಾನೂನನ್ನು ಮುಂದಿನವರು ಬಿಡದೆ ಬೆಳೆಸಿದ್ದರ ಗುರುತು ಎಂದೇ ನಾನು ಅದನ್ನು ನೋಡುತ್ತೇನೆ.

ರುಕ್ಮಿಣಿದೇವಿಯವರೂ ಕಾಯ್ದೆ ಬಂತೆಂದು ಸುಮ್ಮನೆ ಕೂರಲಿಲ್ಲ. ಅದರ ಅಡಿಯಲ್ಲೇ 1962ರಲ್ಲಿ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಶುರುವಾಯಿತು, ಅವರೇ ಅದರ ಮೊದಲ ಅಧ್ಯಕ್ಷೆ. ಮಂಡಳಿಯ ಕಚೇರಿ ಬಹಳ ವರ್ಷ ಚೆನ್ನೈನಲ್ಲೇ ಇತ್ತು. ಅದೇ ವರ್ಷ ಕಲಾಕ್ಷೇತ್ರ ಅಡಯಾರಿನಿಂದ ತಿರುವಾನ್ಮಿಯೂರಿನ ವಿಶಾಲವಾದ ಜಾಗಕ್ಕೆ ಬಂತು. ಹೊಸ ನೃತ್ಯನಾಟಕದ ತಾಲೀಮು ಒಂದು ಕಡೆ, ಎತ್ತು ಕುದುರೆ ಮಂಗಗಳ ಅಹವಾಲು ಇನ್ನೊಂದು ಕಡೆ. ಅವರಿಗೆ ಇವೆರಡೂ ಬೇರೆ ಬೇರೆ ಕೆಲಸವಾಗಿ ಕಾಣಲಿಲ್ಲ ಎಂಬುದು ಅವರ ಬದುಕನ್ನು ಓದಿದರೆ ತಿಳಿಯುತ್ತದೆ. ಸೌಂದರ್ಯವನ್ನು ಪ್ರೀತಿಸುವವರು ಕ್ರೌರ್ಯವನ್ನು ಹೇಗೆ ಸಹಿಸುತ್ತಾರೆ ಎಂಬುದೇ ಅವರ ನಿಲುವು.

1956ರಲ್ಲಿ ಅವರಿಗೆ ಪದ್ಮಭೂಷಣ ಬಂತು. 1977ರಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿಯವರು ರಾಷ್ಟ್ರಪತಿ ಹುದ್ದೆಗೆ ಅವರ ಹೆಸರನ್ನು ಮುಂದಿಟ್ಟಾಗ ಅವರು ನಯವಾಗಿ ಬೇಡವೆಂದರು. ರಾಷ್ಟ್ರಪತಿ ಭವನಕ್ಕಿಂತ ತಿರುವಾನ್ಮಿಯೂರಿನ ಮರಗಳೇ ಅವರಿಗೆ ಹೆಚ್ಚಾದವು. 1986ರ ಫೆಬ್ರವರಿ 24ರಂದು ಚೆನ್ನೈನಲ್ಲಿ ಅವರು ತೀರಿಕೊಂಡರು. ಎಂಬತ್ತೆರಡು ತುಂಬಲು ಕೆಲವೇ ದಿನ ಉಳಿದಿತ್ತು. ಬೀದಿನಾಯಿಗಳನ್ನು ಕೊಲ್ಲುವುದು ನಿಲ್ಲುವುದನ್ನು ನೋಡಲು ಅವರು ಇರಲಿಲ್ಲ.

ಬೀದಿನಾಯಿ ಎಂದರೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಂದು ಜಗಳ ಗ್ಯಾರಂಟಿ. ಮಕ್ಕಳನ್ನು ಕಚ್ಚಿದರೆ ಎಂಬ ತಾಯಂದಿರ ಭಯ ಸುಳ್ಳಲ್ಲ, ರೇಬಿಸ್ ಬಂದರೆ ಬದುಕುವುದೂ ಇಲ್ಲ. ನಾಯಿ ಕಚ್ಚಿದರೆ ಕೂಡಲೇ ಹದಿನೈದು ನಿಮಿಷ ಸೋಪು ನೀರಿನಲ್ಲಿ ತೊಳೆದು, ಅಂದೇ ಲಸಿಕೆಗೆ ಓಡಬೇಕು. ಅರಿಶಿನ, ಸುಣ್ಣ ಹಚ್ಚಿಕೊಂಡು ಕೂರಬಾರದು. ಆ ಭಯಕ್ಕೆ ಉತ್ತರ ಕಲ್ಲು, ದೊಣ್ಣೆ ಅಲ್ಲ, ಆಪರೇಷನ್ ಮತ್ತು ಲಸಿಕೆ ಎಂಬುದನ್ನು ಹೇಳುವುದಕ್ಕೂ ರುಕ್ಮಿಣಿದೇವಿಯವರಂಥ ತಾಳ್ಮೆ ಬೇಕು.

ಎಲ್ಲರೂ ನಾಯಿ ಸಾಕಿ ಎಂದು ನಾನು ಹೇಳುವುದಿಲ್ಲ. ಮನೆಯವರೆಲ್ಲ ಒಪ್ಪದೆ, ಹತ್ತು ಹನ್ನೆರಡು ವರ್ಷದ ಹೊಣೆ ಎಂದು ತಿಳಿಯದೆ ತರಲೇಬಾರದು. ಊರಿಗೆ ಹೋಗುವಾಗ ಯಾರು ನೋಡಿಕೊಳ್ಳುತ್ತಾರೆ, ಡಾಕ್ಟರ ಖರ್ಚೆಷ್ಟು, ಮಳೆಯಲ್ಲೂ ಎರಡು ಹೊತ್ತು ಹೊರಗೆ ಕರೆದೊಯ್ಯುವವರು ಯಾರು ಎಂದು ಮೊದಲೇ ಕೂತು ಮಾತಾಡಬೇಕು. ಆದರೆ ತರುವುದೇ ಆದರೆ, ಸಾವಿರಾರು ರೂಪಾಯಿ ಕೊಟ್ಟು ತಂಪು ದೇಶದ ಜಾತಿನಾಯಿಯನ್ನು ಈ ಚೆನ್ನೈ ಸೆಕೆಗೆ ತರುವ ಮುನ್ನ, ಮನೆಗಾಗಿ ಕಾಯುತ್ತಿರುವ ಬೀದಿಯ ಜೀವವನ್ನೊಮ್ಮೆ ನೋಡಿ ಬನ್ನಿ. ಪೆಟ್ಟು ತಿಂದ ನಾಯಿ ಎಂದು ಹಿಂಜರಿಯಬೇಡಿ. ಅದು ನಂಬುವುದಕ್ಕೆ ತಡಮಾಡುತ್ತದೆ, ಅಷ್ಟೇ.

ಮುಂದಿನ ಸಲ ನಮ್ಮ ಮಕ್ಕಳು ವೇದಿಕೆಯ ಮೇಲೆ ನಮಸ್ಕಾರ ಮಾಡಿ ತಟ್ಟಡವು ಹಾಕುವಾಗ, ಈ ಕಲೆಯನ್ನು ನಮ್ಮ ಮನೆಯಂಗಳಕ್ಕೆ ತಂದ ಆ ಹಿರಿಯರ ಇನ್ನೊಂದು ಕೆಲಸವನ್ನೂ ಅವರಿಗೆ ಹೇಳೋಣ. ಭೂಮಿಯನ್ನು ತುಳಿಯುವುದಕ್ಕೆ ಅದರ ಕ್ಷಮೆ ಕೇಳಿ ಕುಣಿಯುವ ಮಕ್ಕಳಿಗೆ, ಅದೇ ಭೂಮಿಯ ಮೇಲೆ ಮಲಗಿರುವ ನಾಯಿಗೆ ಕಲ್ಲೆಸೆಯಬಾರದು ಎಂಬುದು ಸುಲಭವಾಗಿ ಅರ್ಥವಾಗುತ್ತದೆ.